ಬುಧವಾರದ ಔಷಧಿ

ಶಿಕಾರಿಪುರ
೧೨ ಫೆಬ್ರವರಿ ೧೯೯೬

ಚಿ. ಸೌ. ನೀಲಾಂಬಿಕೆಗೆ ದೊಡ್ಡಪ್ಪ ಹುಚ್ಚರಾಯಪ್ಪ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನ ದೊಡ್ಡವ್ವ ಗಟ್ಟಿಮುಟ್ಟಾಗಿದ್ದಾಳೆ. ನೀನು ಪಂಚಾಯ್ತಿ ಅಧ್ಯಕ್ಷೆಯಾದದ್ದನ್ನು ಓಣಿಯಲ್ಲಿ ಹೇಳದೆ ಬಿಟ್ಟ ಮನೆಯಿಲ್ಲ. "ನಾ ಎತ್ತಿ ಆಡಿಸಿದ ಕೂಸು ಈಗ ಸಭಾ ನಡಸ್ತೈತಿ" ಅನ್ನುತ್ತಾಳೆ.

ಈ ಪತ್ರ ಬರೆಯುತ್ತಿರುವುದು ಮನೆಯ ವಿಷಯಕ್ಕಲ್ಲ, ನಾನು ದುಡಿದ ಪ್ಲೈವುಡ್ ಕಂಪನಿಯ ವಿಷಯಕ್ಕೆ. ಮೊನ್ನೆ ಸುಬ್ಬಪ್ಪನ ಜೊತೆ ಮಾವಿನಹೊಳೆಯ ಕಾರ್ಖಾನೆಗೆ ಹೋಗಿದ್ದೆ. ಸುಬ್ಬಪ್ಪನನ್ನು ನೀನು ನೋಡಿಲ್ಲ. ನೀನು ಮದುವೆಯಾಗಿ ಹೋದ ಮೇಲೆ ನಮ್ಮ ಅಂಟು ಕಾಯಿಸುವ ವಿಭಾಗಕ್ಕೆ ಬಂದವನು, ಈಗ ಇಲ್ಲೇ ಶಿಕಾರಿಪುರದಲ್ಲಿದ್ದಾನೆ. ಅವನಿಗೆ ಕೆಮ್ಮು. ಕಂಪನಿ ಆಸ್ಪತ್ರೆಯಲ್ಲಿ ತೋರಿಸೋಣವೆಂದು ಹೋದರೆ ಗೇಟಿನಲ್ಲೇ ತಡೆದರು. ತಡೆದವನು ನನ್ನ ಕೈಕೆಳಗೆ ಕೆಲಸ ಕಲಿತವನು. "ರಿಟೈರ್ ಆದೋರ ಕಾರ್ಡ್ ಇನ್ನ ನಡಿಯಂಗಿಲ್ರೀ. ಬೊಂಬಾಯಿಯೋರು ಕಂಪನಿ ತಗೊಂಡ ಮ್ಯಾಲೆ ಎಲ್ಲಾ ಹೊಸ ಆರ್ಡರು. ನಾ ಏನ್ ಮಾಡ್ಲಿ ಹೇಳ್ರೀ" ಎಂದು ನೆಲ ನೋಡುತ್ತ ನಿಂತ. ಸುಬ್ಬಪ್ಪ ಅವನೆದುರಿಗೇ ಕೆಮ್ಮಿ ಕೆಮ್ಮಿ ಕೂತುಬಿಟ್ಟ. ಒಂದು ಲೋಟ ನೀರು ತಂದುಕೊಡಲು ಆ ಗೇಟು ತೆರೆಯಲಿಲ್ಲ.

ನಮ್ಮನ್ನು ಕೆಲಸಕ್ಕೆ ಸೇರಿಸಿಕೊಂಡಾಗ ಹಳೆಯ ಮ್ಯಾನೇಜರು ಏನು ಹೇಳಿದ್ದರು ಗೊತ್ತೇ? ಈ ಅಂಟಿನ ಹೊಗೆ ನಿಮ್ಮ ಎದೆ ತಿನ್ನುತ್ತದೆ, ಅದಕ್ಕೇ ಸಾಯುವ ತನಕ ಆಸ್ಪತ್ರೆ ನಿಮ್ಮದು, ನಿಮ್ಮ ಹೆಂಡಿರದು ಎಂದಿದ್ದರು. ಎದೆಯನ್ನಂತೂ ಹೊಗೆ ತಿಂದಾಯಿತು. ಆಸ್ಪತ್ರೆಯ ಮಾತು ಈಗ ಯಾರಿಗೂ ನೆನಪಿಲ್ಲ.

ದೊಡ್ಡ ಕಚೇರಿಗಳಿಗೆಲ್ಲ ಅಲೆದು ಬಂದೆವು. ಇದು ಕಂಪನಿಗೂ ನಿಮಗೂ ಬಿಟ್ಟದ್ದು ಎಂದರು. ನಿವೃತ್ತರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೇವೆ, ನನ್ನನ್ನೇ ಮುಂದೆ ನಿಲ್ಲಿಸಿದ್ದಾರೆ. ನಿನ್ನ ಬಿದಿರಕೊಪ್ಪ ಪಂಚಾಯ್ತಿಯ ಹಳ್ಳಿಗಳಿಂದಲೂ ಬಹಳ ಮಂದಿ ಆ ಕಾರ್ಖಾನೆಗೆ ದುಡಿದವರಿದ್ದಾರೆ. ಅವರಿಗೆ ನಿನ್ನಿಂದ ಏನಾದರೂ ಆದೀತೇ? ಒಂದು ಪಂಚಾಯ್ತಿ ಮುಂದೆ ಬಂದರೆ ಉಳಿದವರಿಗೂ ನಾಚಿಕೆಯಾದೀತು.

ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ನಿನ್ನ ದೊಡ್ಡಪ್ಪ

*

ಬಿದಿರಕೊಪ್ಪ, ಸೊರಬ ತಾಲ್ಲೂಕು
೯ ಮಾರ್ಚ್ ೧೯೯೬

ತೀರ್ಥರೂಪರಾದ ದೊಡ್ಡಪ್ಪನವರಿಗೆ ನೀಲಾಳ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಅಪ್ಪ ಹೋದ ಮೇಲೆ ನೀವು ನನ್ನನ್ನು ಕ್ವಾರ್ಟರ್ಸಿಗೆ ಕರೆತಂದ ವರ್ಷ ನನಗೆ ಟೈಫಾಯಿಡ್ ಆಗಿ ಆ ಆಸ್ಪತ್ರೆಯಲ್ಲೇ ಮಲಗಿದ್ದೆ. ದೊಡ್ಡವ್ವ ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದಳು. ಆ ಗೇಟು ನಿಮಗೆ ಮುಚ್ಚಿದೆ ಅಂದರೆ ನಂಬುವುದು ಹೇಗೆ?

ಕೆಲಸ ಆಯಿತು, ದೊಡ್ಡಪ್ಪ! ಹೇಗಾಯಿತು ಅಂತ ಹೇಳುತ್ತೇನೆ, ಕೇಳಿ. ಸಭೆಯಲ್ಲಿ ವಿಷಯ ಎತ್ತಿದ ಕೂಡಲೇ ಕಾರ್ಯದರ್ಶಿ, "ಅಂಥಾದ್ದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ ಮೇಡಮ್" ಅಂದರು. ಸದಸ್ಯ ಹನುಮಂತಪ್ಪ ಎದ್ದು ನಿಂತು, "ಕಂಪನಿ ಸಂಬಳ ತಿಂದೋರಿಗೆ ನಾವು ಎಂತಕ್ಕೆ ಔಷಧಿ ಕೊಡಬೇಕು? ಗದ್ದೆ ಕೂಲಿ ಮಾಡೋರಿಗೆ ಯಾವ ಕಂಪನಿ ಕೊಟ್ಟಿತ್ತು?" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆಗ ಕೂಲಿಯವಳೇ ಆದ ಸದಸ್ಯೆ ಮಾಸ್ತಮ್ಮ ಕೂತಲ್ಲಿಂದಲೇ, "ಹಂಗಾರೆ ಕೂಲಿಯೋರಿಗೂ ಕೊಡಿ, ಅವರಿಗೂ ಕೊಡಿ. ಕೆಮ್ಮು ಯಾರ ಸಂಬಳ ಅಂತ ಕೇಳಿ ಬತ್ತದಾ?" ಅಂದಳು. ಸಭೆ ನಕ್ಕುಬಿಟ್ಟಿತು. ನಗುವಿನಲ್ಲೇ ಒಪ್ಪಿಗೆ ಸಿಕ್ಕಿತು.

ಇನ್ನು ಪ್ರತಿ ಬುಧವಾರ ಪಂಚಾಯ್ತಿಯ ವಾಚನಾಲಯದ ಕೋಣೆಯಲ್ಲಿ ಔಷಧಿ ಕೊಡುತ್ತೇವೆ. ಡಾಕ್ಟರೊಬ್ಬರು ಬಂದು ನೋಡಲು ಒಪ್ಪಿದ್ದಾರೆ. ಕಂಪನಿಯಲ್ಲಿ ಕಾಂಪೌಂಡರ್ ಆಗಿದ್ದ ಮುಬಾರಕ್ ಸಾಹೇಬರು ಸೊರಬದಲ್ಲಿದ್ದಾರೆ, ಸಂಬಳ ಬೇಡ, ಬಸ್ಸಿನ ಖರ್ಚು ಕೊಡಿ ಸಾಕು ಅಂದರು. ನಮ್ಮ ಮನೆಯವರು ಸಿದ್ಧಲಿಂಗೇಶ್ ತಮ್ಮ ಲಾರಿಯಲ್ಲೇ ಬೆಂಚು, ಬೀರು ತಂದು ಹಾಕಿದರು. ಯುಗಾದಿ ಕಳೆದ ಮೊದಲ ಬುಧವಾರ ನೀವೇ ಬಂದು ಬಾಗಿಲು ತೆರೆಯಬೇಕು. ದೊಡ್ಡವ್ವನನ್ನೂ ಕರೆದುಕೊಂಡು ಬನ್ನಿ.

ನಿಮ್ಮ ನೀಲಾ

*

ಶಿಕಾರಿಪುರ
೨೮ ಏಪ್ರಿಲ್ ೧೯೯೬

ಚಿ. ಸೌ. ನೀಲಾಳಿಗೆ ಆಶೀರ್ವಾದಗಳು.

ಪ್ರಾರಂಭಕ್ಕೆ ಬರಲಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಸಂಘದ ಕೆಲಸ ಬಿತ್ತು. ದೊಡ್ಡವ್ವನಿಗೂ ಈ ಬಿಸಿಲಿನಲ್ಲಿ ಬಸ್ಸು ಬೇಡವೆಂದು ಬಿಟ್ಟೆವು. ಅಂದು ಬಂದಿದ್ದ ಸೊರಬದ ಕಡೆಯವರು ನಿನ್ನನ್ನು ಹೊಗಳಿದ್ದನ್ನು ಕೇಳಿ ನನ್ನ ಎದೆ ತುಂಬಿತು. ಸಂಘದ ಸಭೆಯಲ್ಲಿ ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿಸಿದೆ. ಮಾಸ್ತಮ್ಮನ ಮಾತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ವಿಚಾರ. ಸುಬ್ಬಪ್ಪನ ಹೆಂಡತಿಗೆ ಸಕ್ಕರೆ ಕಾಯಿಲೆ. ಕಂಪನಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಡುತ್ತಿದ್ದರು, ಈಗ ನಿಂತಿದೆ. ಇಲ್ಲಿ ಹೊರಗೆ ಕೊಳ್ಳುವುದು ಅವನ ಕೈಲಾಗದ ಮಾತು. ಕಾಲಿನಲ್ಲಿ ಒಂದು ಹುಣ್ಣು ಆಗಿದೆ, ಮಾಯುತ್ತಿಲ್ಲ. ನಿನ್ನ ಬುಧವಾರದ ಔಷಧಿಯಲ್ಲಿ ಅವಳಿಗೂ ಇನ್ಸುಲಿನ್ ಸಿಗುವಂತೆ ಮಾಡಲಾದೀತೇ? ಸಿಗುವುದಾದರೆ ಒಯ್ಯಲು ನಾನೇ ಬರುತ್ತೇನೆ. ಬೇಗ ಬರೆ.

ದೊಡ್ಡಪ್ಪ

*

ಬಿದಿರಕೊಪ್ಪ
೧೭ ಜೂನ್ ೧೯೯೬

ತೀರ್ಥರೂಪ ದೊಡ್ಡಪ್ಪನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಸಭೆ, ರಸ್ತೆ, ಕುಡಿಯುವ ನೀರು ಅಂತ ಮನೆಯಲ್ಲಿ ನಿಲ್ಲಲು ಬಿಡುವಾಗುತ್ತಿಲ್ಲ.

ಬುಧವಾರ ಚೆನ್ನಾಗಿ ನಡೆಯುತ್ತಿದೆ. ಗರಗಸದ ವಿಭಾಗದಲ್ಲಿದ್ದು ತೀರಿಕೊಂಡ ಬಡೇಸಾಬರ ಹೆಂಡತಿ ಅಮೀನಾಬಿ ಮೊದಲ ದಿನ ಬಾಗಿಲಲ್ಲೇ ನಿಂತಿದ್ದಳು. "ಒಳಗೆ ಬಾ ಅಮ್ಮ" ಅಂದರೆ, "ಕಾರ್ಡ್ ಇಲ್ಲ ತಾಯಿ" ಅಂದಳು. ಇಲ್ಲಿ ಕಾರ್ಡು ಕೇಳುವುದಿಲ್ಲ ಅಂದಾಗ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕಂಪನಿಯಿಂದಲೂ ಒಬ್ಬ ಆಫೀಸರ್ ಬಂದು ನೋಡಿ, ಫೋಟೊ ತೆಗೆದುಕೊಂಡು, ಬಹಳ ಮೆಚ್ಚಿ ಹೋದರು.

ಆದರೆ ನೀವು ಕೇಳಿದ್ದು ಆಗುವುದಿಲ್ಲ. ಇನ್ಸುಲಿನ್ ಇಡಲು ನಮ್ಮಲ್ಲಿ ಫ್ರಿಜ್ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಶಿಕಾರಿಪುರದವರು ನಮ್ಮ ಪಂಚಾಯ್ತಿಗೆ ಸೇರುವುದಿಲ್ಲ. ನಾನು ಯಾರಿಗೆ ಕೊಟ್ಟೆ, ಯಾರಿಗೆ ಬಿಟ್ಟೆ ಅಂತ ಹನುಮಂತಪ್ಪ ಕಣ್ಣಿಟ್ಟು ಕೂತಿದ್ದಾನೆ. ಅಧ್ಯಕ್ಷೆಯ ದೊಡ್ಡಪ್ಪ ಹೇಳಿಕಳಿಸಿದವರಿಗೆ ಬೇರೆ ತಾಲ್ಲೂಕಿಗೂ ಔಷಧಿ ಹೋಗುತ್ತದೆ ಅಂತಾದರೆ ಇಡೀ ಬುಧವಾರವೇ ನಿಂತುಹೋದೀತು.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಸಂಘದ ಮುಂದಾಳು ಅಂದಮೇಲೆ ಜನ ಬಂದು ಕೇಳುತ್ತಾರೆ, ನಿಮಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆದರೆ ನೀವು ಹೂಂ ಅಂದದ್ದನ್ನೆಲ್ಲ ನಡೆಸಿಕೊಡುವುದು ನನ್ನಿಂದ ಕಷ್ಟ. ಮನೆಯವರೂ ಅದನ್ನೇ ಹೇಳಿದರು. ಸುಬ್ಬಪ್ಪನವರಿಗೆ ನೀವೇ ತಿಳಿಸಿ ಹೇಳಿ.

ದೊಡ್ಡವ್ವನಿಗೆ ನಮಸ್ಕಾರ. ಈ ವರ್ಷ ಉಪ್ಪಿನಕಾಯಿ ಕಳಿಸಲೇ ಇಲ್ಲವಲ್ಲ, ಮರೆತಳೇ?

ನೀಲಾಂಬಿಕ

*

ಶಿಕಾರಿಪುರ
೨ ಜುಲೈ ೧೯೯೬

ಚಿ. ಸೌ. ನೀಲಾಂಬಿಕೆಗೆ,

ಪತ್ರ ತಲುಪಿತು. ನಿನ್ನ ಅಡಚಣೆ ಅರ್ಥವಾಯಿತು. ಸುಬ್ಬಪ್ಪನಿಗೆ ಹೇಳಿದ್ದೇನೆ.

ಕಂಪನಿಯ ಮೇಲೆ ಕೋರ್ಟಿಗೆ ಹೋಗಿದ್ದೇವೆ. ಗೇಟಿನೆದುರು ಕೂರುವುದೆಂದೂ ತೀರ್ಮಾನವಾಗಿದೆ. ನಿವೃತ್ತರ ಆಸ್ಪತ್ರೆಯನ್ನು ಕಂಪನಿಯೇ ನಡೆಸಬೇಕು, ಪಂಚಾಯ್ತಿ ಕೊಡುತ್ತಿರುವುದು ಕೈಲಾದ ಆಸರೆ ಮಾತ್ರ ಎಂದು ನಿಮ್ಮ ಸಭೆಯಲ್ಲಿ ಒಂದು ಠರಾವು ಮಾಡಿ ಕಳಿಸಿಕೊಡು. ಇದಕ್ಕೆ ಫ್ರಿಜ್ ಬೇಡ. ತಾಲ್ಲೂಕಿನ ಗಡಿಯೂ ಅಡ್ಡ ಬರುವುದಿಲ್ಲ.

ಈ ವರ್ಷ ಮಾವಿನಕಾಯಿ ಹಾಕಲಿಲ್ಲ.

ಹುಚ್ಚರಾಯಪ್ಪ

*

ಶಿಕಾರಿಪುರ
೨೪ ಸೆಪ್ಟೆಂಬರ್ ೧೯೯೬

ಮಾನ್ಯ ಅಧ್ಯಕ್ಷರಿಗೆ,

ಠರಾವು ಬರಲಿಲ್ಲ. ಬರುವುದಿಲ್ಲವೆಂದು ಈಗ ಗೊತ್ತಾಗಿದೆ.

ಹೋದ ವಾರ ಗೇಟಿನೆದುರು ಕೂತಿದ್ದೆವು. ಮುದುಕರು, ಕೆಲವರ ಹೆಂಡಿರು, ಒಂದೆರಡು ಕೋಲು. ಮಧ್ಯಾಹ್ನದ ಹೊತ್ತಿಗೆ ದಿಮ್ಮಿ ಹೇರಿಕೊಂಡು ಒಂದು ಲಾರಿ ಬಂತು. ದಾರಿ ಬಿಡುವುದಿಲ್ಲ ಎಂದು ನಾವು ಕೂತೇ ಇದ್ದೆವು. ಡ್ರೈವರ್ ಹಾರನ್ ಒತ್ತಿದ. ಸುಬ್ಬಪ್ಪ ತಲೆಯೆತ್ತಿ, ಲಾರಿಯ ಹಣೆಯ ಮೇಲಿದ್ದುದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ: "ನೀ-ಲಾಂ-ಬಿ-ಕ". ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾರ, ಇದು ನಿಮ್ ಮಗಳ ಹೆಸರಲ್ಲೇನು?" ಅಂದ.

ಅವನಿಗೇನೂ ಗೊತ್ತಿರಲಿಲ್ಲ, ಮೆಚ್ಚಿಕೊಂಡೇ ಕೇಳಿದ. ನಾನು ಎದ್ದೆ. ನಾನು ಎದ್ದದ್ದು ನೋಡಿ ಉಳಿದವರೂ ಎದ್ದರು. ಗೇಟು ತೆರೆಯಿತು. ನಮಗೆ ತೆರೆಯದ ಗೇಟಿನಲ್ಲಿ ನಿನ್ನ ಹೆಸರು ಒಳಗೆ ಹೋಯಿತು.

ಅಳಿಯಂದಿರಿಗೆ ಕಂಪನಿಯ ದಿಮ್ಮಿ ಸಾಗಿಸುವ ಗುತ್ತಿಗೆ ಯಾವಾಗ ಸಿಕ್ಕಿತು? ತಿಳಿದುಕೊಳ್ಳುವ ಆಸೆಯಷ್ಟೆ. ಉತ್ತರ ಬರೆಯಲೇಬೇಕೆಂದಿಲ್ಲ.

ಹುಚ್ಚರಾಯಪ್ಪ

*

ಬಿದಿರಕೊಪ್ಪ
೧೦ ಅಕ್ಟೋಬರ್ ೧೯೯೬

ದೊಡ್ಡಪ್ಪನವರಿಗೆ,

ನನ್ನನ್ನು "ಮಾನ್ಯ ಅಧ್ಯಕ್ಷರೇ" ಅಂತ ಕರೆದಿರಿ. ಊರವರು ದಿನವೂ ಹಾಗೆ ಕರೆಯುತ್ತಾರೆ, ಯಾವತ್ತೂ ಚುಚ್ಚಿರಲಿಲ್ಲ.

ಗುತ್ತಿಗೆ ಸಿಕ್ಕಿದ್ದು ಮೇ ತಿಂಗಳಲ್ಲಿ. ಫೋಟೊ ತೆಗೆದುಕೊಂಡು ಹೋದ ಆ ಆಫೀಸರ್ ಮರುವಾರ ನಮ್ಮ ಮನೆಗೆ ಬಂದಿದ್ದರು. ನಾನು ಕಾಫಿ ಕೊಟ್ಟು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಮಾತು ಮುಗಿದಿತ್ತು. ಸುಮ್ಮನೆ ನಿಂತಿದ್ದ ಲಾರಿಗೆ ಕೆಲಸ ಸಿಕ್ಕಿತಲ್ಲ ಅಂತ ನನಗೂ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಬುಧವಾರಕ್ಕೂ ಅದಕ್ಕೂ ಸಂಬಂಧವಿದೆ ಅಂತ ಆಗ ಹೊಳೆಯಲಿಲ್ಲ.

ಠರಾವನ್ನು ಸಭೆಗೆ ಇಟ್ಟೆ. ಯಾರೂ ಬಾಯಿ ಬಿಡಲಿಲ್ಲ. ಮಾಸ್ತಮ್ಮ ಒಬ್ಬಳೇ, "ಎಲ್ಲರಿಗೂ ಎಂತ ಆಯ್ತು ಇವತ್ತು?" ಅಂತ ಕೇಳಿದಳು. ನಮ್ಮ ಮನೆಯವರು ಹಿಂದಿನ ದಿನವೇ ಒಬ್ಬೊಬ್ಬರ ಮನೆಗೂ ಹೋಗಿ ಬಂದಿದ್ದರಂತೆ. ಮನೆಗೆ ಬಂದು ಕೇಳಿದರೆ, "ಕುರ್ಚಿ ನಿಂದು, ಸಂಸಾರ ಇಬ್ಬರದ್ದು. ನಿನ್ನ ದೊಡ್ಡಪ್ಪ ಬಂದು ಲಾರಿ ಸಾಲ ಕಟ್ತಾನಾ?" ಅಂದರು. ಇದನ್ನು ನಿಮಗೆ ಹೇಗೆ ಬರೆಯಲಿ? ಅದಕ್ಕೇ ಬರೆಯಲಿಲ್ಲ.

ಆದರೂ ಒಂದು ಒಳ್ಳೆಯದಾಗಿದೆ. ಬುಧವಾರದ ಕೋಣೆಗೆ ಕಂಪನಿಯವರೇ ಒಂದು ಫ್ರಿಜ್ ಕೊಟ್ಟಿದ್ದಾರೆ. ಬಾಗಿಲ ಮೇಲೆ ಅವರ ಹೆಸರಿನ ಬೋರ್ಡು ಹಾಕಬೇಕು ಅಂದರು, ಹಾಕಿದೆವು, ಅದರ ಫೋಟೊನೂ ತೆಗೆದುಕೊಂಡು ಹೋದರು. ಬೋರ್ಡು ಏನು ಮಾಡೀತು, ಬಿಡಿ. ಈಗ ಇನ್ಸುಲಿನ್ ಇಡಬಹುದು. ಸುಬ್ಬಪ್ಪನವರ ಹೆಂಡತಿಯನ್ನು ಕಳಿಸಿ. ಹನುಮಂತಪ್ಪ ಏನಾದರೂ ಅನ್ನಲಿ, ನಾನು ಕೊಡಿಸುತ್ತೇನೆ. ಇಷ್ಟಾದರೂ ಮಾಡಲು ಬಿಡಿ.

ನೀಲಾ

*

ಶಿಕಾರಿಪುರ
೩ ನವೆಂಬರ್ ೧೯೯೬

ನೀಲಾ,

ಸುಬ್ಬಪ್ಪನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು.

ಇನ್ಸುಲಿನ್ ಬೇಕಾಗಿದ್ದದ್ದು ನಿನ್ನ ದೊಡ್ಡವ್ವನಿಗೆ. ನೀನು ಮದುವೆಯಾಗಿ ಹೋದ ಮೇಲೆ ಬಂದ ಕಾಯಿಲೆ. ಹೇಳಿದರೆ ನೀನು ಸಂಸಾರ ಬಿಟ್ಟು ಓಡಿ ಬರುತ್ತೀಯೆಂದು ಆಗಲೇ ಮುಚ್ಚಿಟ್ಟಿದ್ದಳು. ನಿನಗೆ ಪತ್ರ ಬರೆಯುತ್ತೇನೆಂದಾಗ ನನ್ನ ಕೈ ಹಿಡಿದು, "ನನ್ ಹೆಸರು ಹಾಕಬ್ಯಾಡ್ರಿ. ತನ್ ಮನೀ ಮಂದಿಗೆ ಕೊಟ್ಲು ಅಂತ ಆಕೀನ್ನ ಎಲ್ಲಾರೂ ಆಡ್ಕೋತಾರ. ಬ್ಯಾರೆ ಯಾರದರ ಹೆಸರ ಬರೀರಿ" ಅಂದಳು. ಹಾಗಾಗಿ ಬೇರೆ ಹೆಸರು ಬರೆದೆ.

ಆಗುವುದಿಲ್ಲವೆಂದು ನೀನು ಬರೆದ ಪತ್ರವನ್ನು ಅವಳಿಗೆ ಓದಿ ಹೇಳಿದೆ. "ಸರಿಯಾಗೇ ಹೇಳ್ಯಾಳ ನೋಡ್ರಿ. ಕಾಯ್ದೆ ಅಂದ್ರ ಕಾಯ್ದೆ" ಎಂದು ಹೆಮ್ಮೆಪಟ್ಟಳು. ನನಗೆ ಹೆಮ್ಮೆ ಬರಲಿಲ್ಲ. ಆಮೇಲೆ ಕೈಗೆ ಸಿಕ್ಕಷ್ಟು ಇನ್ಸುಲಿನ್ ಕೊಂಡು ತರುತ್ತಿದ್ದೆ. ಒದ್ದೆ ಮರಳಿನ ಗಡಿಗೆಯಲ್ಲಿಟ್ಟುಕೊಂಡು, "ಇವತ್ ಬ್ಯಾಡ, ನಾಳಿ ಚುಚ್ಚ್ರಿ" ಎಂದು, ಸೀಸೆ ಬೇಗ ಮುಗಿಯಬಾರದೆಂದು, ದಿನ ಮುಂದೂಡುತ್ತಿದ್ದಳು. ಹುಣ್ಣು ಮಾತ್ರ ಮುಂದೆ ಮುಂದೆ ಹೋಯಿತು. ಆಗಸ್ಟಿನಲ್ಲಿ ಶಿವಮೊಗ್ಗದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ತೊಗರ್ಸಿಯ ನೆಂಟರಿಗೂ ತಿಳಿಸಲಿಲ್ಲ, ಅವರಿಂದ ನಿನಗೆ ಸುದ್ದಿ ಮುಟ್ಟೀತೆಂದು. ನಾನು ಗೇಟಿನೆದುರು ಕೂತ ದಿನ ಅವಳನ್ನು ಪಕ್ಕದ ಮನೆಯವರ ಸುಪರ್ದಿಗೆ ಬಿಟ್ಟು ಹೋಗಿದ್ದೆ. ಹೋಗಿ ಬಂದವನು, ಲಾರಿಯ ಸಂಗತಿ ಅವಳಿಗೆ ಹೇಳಲಿಲ್ಲ. ಈಗಲೂ ಹೇಳಿಲ್ಲ.

ಆ ಫ್ರಿಜ್ಜಿನಿಂದ ನಾವು ಏನನ್ನೂ ತೆಗೆದುಕೊಳ್ಳುವುದಿಲ್ಲ. ಅವರು ನಮ್ಮಿಂದ ಒಂದು ಆಸ್ಪತ್ರೆ ಕಿತ್ತುಕೊಂಡು ನಿನಗೊಂದು ಪೆಟ್ಟಿಗೆ ಕೊಟ್ಟಿದ್ದಾರೆ. ಬೋರ್ಡು ಏನು ಮಾಡೀತು ಎಂದು ಕೇಳಿದ್ದೀಯಲ್ಲ, ನಮ್ಮ ಮೊಕದ್ದಮೆ ಮುಗಿಯುವ ಹೊತ್ತಿಗೆ ನಿನಗೇ ಗೊತ್ತಾಗುತ್ತದೆ.

ಇಲ್ಲಿಗೆ ಬರಬೇಡ.

ಹುಚ್ಚರಾಯಪ್ಪ

*

ಬಿದಿರಕೊಪ್ಪ
೨೦ ಜನವರಿ ೧೯೯೭

ದೊಡ್ಡಪ್ಪ,

ನಿಮ್ಮ ಪತ್ರ ಕೈಗೆ ಬಂದ ವಾರವೇ, ನೀವು ಬೇಡವೆಂದರೂ ಬಂದೆ. ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹಿತ್ತಲ ಬಾಗಿಲಿಂದ ಹೊರಟುಬಿಟ್ಟಿರಿ. ಸಂಜೆಯ ಬಸ್ಸಿನ ತನಕ ಕಾದೆ. ನೀವು ತಿರುಗಿ ಬರಲಿಲ್ಲ.

ದೊಡ್ಡವ್ವ ಮಂಚದ ಮೇಲೆ ಕೂತಿದ್ದಳು. ಮಂಡಿಯ ಮೇಲೆ ದುಪ್ಪಟಿ ಹೊದ್ದುಕೊಂಡು, ನಾನು ನೋಡದ ಹಾಗೆ ಅಂಚನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ನಾನು ಅತ್ತರೆ ಅವಳು ಗದರಿದಳು: "ಅಳಾಕ ಏನಾಗೇತಿ? ಇರೋ ಒಂದು ಕಾಲು ಗಟ್ಟಿ ಐತಿ." ಲಾರಿಯ ಸಂಗತಿ ನಾನೇ ಹೇಳಿದೆ. ನೀವು ಹೇಳಿಲ್ಲ ಅಂತ ಬರೆದಿದ್ದಿರಿ, ಆದರೂ ಅವಳೆದುರು ಮುಚ್ಚಿಟ್ಟುಕೊಂಡು ಕೂರಲು ಆಗಲಿಲ್ಲ. ದುಪ್ಪಟಿ ಎಳೆದುಕೊಳ್ಳುವುದನ್ನು ಬಿಟ್ಟಳು. ಆಮೇಲೆ, "ನಿನ್ ಗಂಡನ್ ಕೂಡ ಜಗಳಾಡಬ್ಯಾಡ" ಅಂದಳು. 

ಜಗಳ ಆಯಿತು. ಊರಿಗೆ ಬಂದ ಮರುದಿನ ಬುಧವಾರದ ಕೋಣೆಯ ಬೋರ್ಡನ್ನು ನಾನೇ ಕಿತ್ತೆ. ಮಾಸ್ತಮ್ಮ ಸ್ಟೂಲು ಹಿಡಿದುಕೊಂಡಿದ್ದಳು. ನಮ್ಮ ಮನೆಯವರ ಗುತ್ತಿಗೆ ಆ ತಿಂಗಳಿಗೇ ನಿಂತಿತು. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತಮ್ಮ ತಂಗಿಯ ಮನೆಯಲ್ಲಿ ಉಂಡು ಬರುತ್ತಾರೆ. ಸಂಕ್ರಾಂತಿಗೆ ಮೊದಲು ಸದಸ್ಯರೆಲ್ಲ ಸೇರಿ ನನ್ನ ಮೇಲೆ ಅವಿಶ್ವಾಸ ತಂದರು. ನನ್ನ ಪರವಾಗಿ ಮಾಸ್ತಮ್ಮ ಒಬ್ಬಳೇ ಕೈಯೆತ್ತಿದಳು. ಈಗ ಹನುಮಂತಪ್ಪ ಅಧ್ಯಕ್ಷ. ಮೊದಲ ಸಭೆಯಲ್ಲೇ ಬುಧವಾರವನ್ನು ನಿಲ್ಲಿಸಿದ.

ವಿಷಯ ಗೊತ್ತಿಲ್ಲದೆ ಮುಬಾರಕ್ ಸಾಹೇಬರು ಎಂದಿನಂತೆ ಬಂದು ಬೀಗ ಹಾಕಿದ ಬಾಗಿಲೆದುರು ಕೂತಿದ್ದರು. ಅಮೀನಾಬಿಯೂ ಇದ್ದಳು. ನಾನು ಹೋಗಿ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. "ಒಂದು ವರ್ಷಾನೂ ನಡೀಲಿಲ್ಲ ಅಲ್ವಾ ತಾಯಿ" ಅಂತ ಹೇಳಿ ಎದ್ದು ಹೋದಳು. ಫ್ರಿಜ್ ಈಗ ಪಂಚಾಯ್ತಿ ಕಚೇರಿಯಲ್ಲಿದೆ. ಸಭೆಯ ದಿನ ಅದರಲ್ಲಿ ಸೋಡಾ ತಣ್ಣಗಾಗುತ್ತದೆ.

ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ. ಬರೆದರೆ ಕ್ಷಮಿಸುವ ಕೆಲಸವನ್ನೂ ನಿಮ್ಮ ಮೇಲೆಯೇ ಹೊರಿಸಿದಂತಾಗುತ್ತದೆ.

ನೀಲಾ

*

ಶಿಕಾರಿಪುರ
೧೧ ಮೇ ೧೯೯೭

ಚಿ. ನೀಲಾಳಿಗೆ,

ನಿನ್ನ ಪತ್ರ ಬಂದು ತಿಂಗಳುಗಳಾದವು. ನಿನ್ನ ದೊಡ್ಡವ್ವ ದಿನವೂ, "ಬರದ್ರೇನು, ಬರದ್ರೇನು?" ಎಂದು ಕೇಳುತ್ತಿದ್ದಳು. ಬರೆದೆ ಎಂದು ಸುಳ್ಳು ಹೇಳುತ್ತಿದ್ದೆ.

ಮೊಕದ್ದಮೆ ಬಿದ್ದುಹೋಯಿತು. ಕಂಪನಿಯ ವಕೀಲ ನಿನ್ನ ಬುಧವಾರದ ಫೋಟೊಗಳನ್ನು ತೋರಿಸಿದ. ಡಾಕ್ಟರು, ಬೆಂಚಿನ ಮೇಲೆ ಸಾಲಾಗಿ ಕೂತ ನಮ್ಮವರು, ಬಾಗಿಲ ಮೇಲೆ ಬೋರ್ಡು. ನಿವೃತ್ತರನ್ನು ಊರ ಪಂಚಾಯ್ತಿಗಳು ಚೆನ್ನಾಗಿ ನೋಡಿಕೊಳ್ಳುತ್ತಿವೆ, ಅದಕ್ಕೆ ಕಂಪನಿಯೂ ಕೈಜೋಡಿಸಿದೆ ಎಂದ. ಆ ಕೋಣೆಗೆ ಬೀಗ ಬಿದ್ದಿದೆಯೆಂದು ನಮ್ಮ ವಕೀಲ ಹೇಳಿದ. ಹಳೆಯ ಮ್ಯಾನೇಜರು ಕೊಟ್ಟದ್ದು ಬರೀ ಬಾಯಿಮಾತು, ಅದು ಕಂಪನಿಯನ್ನು ಕಟ್ಟಿಹಾಕುವುದಿಲ್ಲ ಎಂದು ತೀರ್ಪಾಯಿತು.

ಮೇಲಿನ ಕೋರ್ಟಿಗೆ ಹೋಗೋಣ ಎಂದೆ. ಯಾರಿಗೂ ಕಸುವಿರಲಿಲ್ಲ. ಅಷ್ಟರಲ್ಲಿ ಕಂಪನಿಯವರು, ಮುಂದೆ ತಕರಾರು ತೆಗೆಯುವುದಿಲ್ಲವೆಂದು ಸಹಿ ಹಾಕಿದವರಿಗೆ ತಿಂಗಳಿಗೊಮ್ಮೆ ಡಾಕ್ಟರನ್ನು ಕಳಿಸುತ್ತೇವೆ ಎಂದರು. ಎಲ್ಲರೂ ಹಾಕಿದರು. ಸುಬ್ಬಪ್ಪ ಹಾಕಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು, "ಕೆಮ್ಮು ನಿಲ್ಲಂಗಿಲ್ಲ ಅಣ್ಣಾರ, ಏನ್ ಮಾಡ್ಲಿ" ಎಂದು ಅತ್ತ. ನೀರು ಕೊಟ್ಟು ಕಳಿಸಿದೆ. ನಾನು ಸಹಿ ಹಾಕಿಲ್ಲ. ಹಾಕದ್ದಕ್ಕೆ ದೊಡ್ಡಸ್ತಿಕೆಯೂ ಇಲ್ಲ, ತಿಂಗಳಿಗೊಮ್ಮೆ ಬರುವ ಡಾಕ್ಟರನಿಂದ ಕಾಲು ಬೆಳೆಯುವುದಿಲ್ಲ. ಸಂಘ ಮುಗಿಯಿತು.

ನಿನ್ನ ಅಧಿಕಾರ ಹೋದದ್ದು ಕೇಳಿ ನನಗೆ ಸಂತೋಷವಾಯಿತೆಂದು ಹೇಳಿದರೆ ಅದು ನಿಜ. ಆಮೇಲೆ ರಾತ್ರಿಯೆಲ್ಲ ಕಟ್ಟೆಯ ಮೇಲೆ ಕೂತು ಬೆಳಗು ಮಾಡಿದ್ದೂ ನಿಜ. ನೀನು ಬಂದ ದಿನ ನಾನು ದೂರ ಎಲ್ಲಿಗೂ ಹೋಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ನೀನು ಬಸ್ಸು ಹತ್ತುವುದನ್ನು ನೋಡಿ ಮನೆಗೆ ಹೋದೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಿನ್ನ ದೊಡ್ಡವ್ವನನ್ನು ಎತ್ತಿ ಬಚ್ಚಲಿಗೆ ಒಯ್ಯಲು ನನ್ನಿಂದ ಆಗುತ್ತಿಲ್ಲ. ಹೋದ ವಾರ ಇಬ್ಬರೂ ಬಿದ್ದೆವು. ಪಕ್ಕದವರನ್ನು ಕರೆದರೆ ಅವಳಿಗೆ ನಾಚಿಕೆ. ತಲೆಗೆ ನೀರು ಬಿದ್ದು ಬಹಳ ದಿನವಾಯಿತು, ಹೇಳಿಕೊಳ್ಳುವುದಿಲ್ಲ, ಕೆರೆದುಕೊಳ್ಳುತ್ತಾಳೆ. ಬಂದು ನಾಲ್ಕು ದಿನ ಇದ್ದು ಹೋಗು.

ನಿನ್ನ ಮೇಲಿನ ಸಿಟ್ಟು ನನಗೆ ಹೋಗಿಲ್ಲ. ಹೋಗುತ್ತದೆ ಎಂದೂ ಅನ್ನಿಸುತ್ತಿಲ್ಲ. ಅದಕ್ಕೆ ಕಾಯಬೇಡ. ಬಾ.

ದೊಡ್ಡಪ್ಪ